ಹಗ್ಗದ ಇನ್ನೊಂದು ತುದಿ

ಮಲ್ಪೆ ದಕ್ಕೆಗೆ ಆ ಇಂಜಿನು ಬಂದದ್ದು
ಮರದ ಪೆಟ್ಟಿಗೆಯಲ್ಲಿ, ಒಣಹುಲ್ಲಿನ ಮೆತ್ತೆಯಲ್ಲಿ,
ಸೊಸೈಟಿಯ ಸಾಲ, ಹನ್ನೆರಡು ಕಂತು.
ಅಪ್ಪ ಮೊಳೆ ಕಿತ್ತ. ಹಲಗೆಯ ಮೇಲೆ
ಯಾರಿಗೂ ಓದಲಾಗದ ಅಕ್ಷರ.
ದುಗ್ಗಿ ಅಜ್ಜಿ ಓದದೆಯೇ ಗುರುತಿಸಿದಳು:
"ಇದು ಅವರದ್ದು."

ಅವರದ್ದು ಎಂದರೆ
ರಂಗೂನಿನ ಬಂದರಲ್ಲಿ ಅಕ್ಕಿಮೂಟೆ ಎಣಿಸುತ್ತಿದ್ದ
ಅಜ್ಜ ಪೊಡಿಯ ಕುಂದರನ ತಲೆಯ ಮೇಲೆ
ಕ್ರಿಸ್ಮಸ್ಸಿಗೆ ಎರಡು ದಿನ ಇರುವಾಗ
ಆಕಾಶದಿಂದ ಸುರಿದವರದ್ದು.
ಹೆಣ ಬರಲಿಲ್ಲ. ಅವನು ಮೊದಲೇ ಕಳಿಸಿದ್ದ
ಮನಿಯಾರ್ಡರು ಬಂತು, ತಡವಾಗಿ,
ಹದಿನಾಲ್ಕು ರೂಪಾಯಿ.

ಅಪ್ಪ ಪೇಪರು ಓದುವವ.
"ದಿಲ್ಲಿಯವರು ಬರೆದುಕೊಟ್ಟಾಗಿದೆ ಅಮ್ಮ,
ಐವತ್ತೆರಡರಲ್ಲೇ. ನಮಗೆ ಪರಿಹಾರ ಬೇಡ ಅಂತ."
ಅಜ್ಜಿ ಬೂತಾಯಿಯ ಹುರುಪೆ ತೆಗೆಯುತ್ತಲೇ ಕೇಳಿದಳು:
"ನನ್ನ ಬಾಕಿ ಬಿಡಲಿಕ್ಕೆ ಅವರ್ಯಾರು?
ಕೇಳಿದ್ದರೆ ನಾನೇ ಬಿಡುತ್ತಿದ್ದೆನೋ ಏನೋ.
ಕೇಳಬೇಕಿತ್ತು."

ಮೂರು ದಿನ ಇಂಜಿನು ಪೆಟ್ಟಿಗೆಯಲ್ಲೇ ಕೂತಿತು.
ನಾಲ್ಕನೆಯ ದಿನ ಅದನ್ನು ಕೂರಿಸಲು ಬಂದ ಹುಡುಗನಿಗೆ
ಇಪ್ಪತ್ತೈದು ದಾಟಿರಲಿಕ್ಕಿಲ್ಲ.
ಅವನ ಇಂಗ್ಲಿಷು, ಅಪ್ಪನ ಇಂಗ್ಲಿಷು, ನಡುವೆ ಒಂದು ಸ್ಪ್ಯಾನರು.
ಹೇಗೋ ತಿಳಿದದ್ದು ಇಷ್ಟು:
ಅವನ ಊರೂ ಸುಟ್ಟುಹೋಗಿತ್ತು. ಆಗ ಆರು ವರ್ಷ.
ಆಮೇಲೆ ಶಾಲೆಯಲ್ಲಿ, ಸುಟ್ಟವರೇ ಹಡಗಿನಲ್ಲಿ ಕಳಿಸಿದ
ಪುಡಿಹಾಲು ಕುಡಿದು ಬೆಳೆದ.
ರುಚಿ ಹೇಗಿತ್ತೆಂದರೆ ಮೂಗು ಮುರಿದು ನಕ್ಕ.
"ಕುಡಿದನಂತಾ?" ಒಳಗಿಂದ ಅಜ್ಜಿ.
ಕುಡಿದನಂತೆ.
ಅವಳು ಮತ್ತೇನೂ ಕೇಳಲಿಲ್ಲ.

ಆ ರಾತ್ರಿ ನನಗೆ ಹೇಳಿದ್ದು ರಂಪಣಿಯ ಕತೆ.
ಅವಳು ಮದುವೆಯಾಗಿ ಬಂದ ವರ್ಷ
ತೆಂಕುಕರೆಯವರೊಡನೆ ಹೊಡೆದಾಟ. ನಾವು ಗೆದ್ದೆವು.
ದಂಡ ಹಾಕಿದೆವು, ಅವರ ಬಲೆ ಕೊಯ್ದು ಮರಳಲ್ಲಿ ಹೂತೆವು,
ಒಲೆಯ ಮೇಲಿನ ಚರಿಗೆಯನ್ನೂ ಬಿಡಲಿಲ್ಲ.
"ಹತ್ತನೆಯ ವರ್ಷ ನಮ್ಮ ದೋಣಿಗಳು ಉರಿದವು.
ಕೊಳ್ಳಿ ಹಿಡಿದವರು ಯಾರು ಗೊತ್ತಾ?
ಆವತ್ತು ಆ ಒಲೆಯ ಮುಂದೆ ಕೂತಿದ್ದ ಮಕ್ಕಳು."
ಮತ್ತೆ ಗೆದ್ದೆವು. ಈ ಸಲ ಗುರಿಕಾರ ಸೇಸಪ್ಪ
ಸೋತವರನ್ನು ಕರೆದು ರಂಪಣಿಯ ತೆಂಕು ಹಗ್ಗ ಕೈಗಿಟ್ಟ:
ಎಳೆಯಿರಿ, ಪಾಲು ಇದೆ.
ನಮ್ಮವರು ಉಗಿದರು. ಅವನ ಮಗನ ಒಂದು ಕಣ್ಣು
ಆ ಜಗಳದಲ್ಲೇ ಹೋಗಿತ್ತು;
ಹೆಂಡತಿ ಸಾಯುವವರೆಗೆ ಅವನೊಡನೆ ಮಾತಾಡಲಿಲ್ಲ.

"ಅಷ್ಟು ಒಳ್ಳೆಯವನಾ ಅವನು?"
"ಒಳ್ಳೆಯವನೇನಲ್ಲ ಮಾರಾಯ. ಬಡ್ಡಿಗೆ ಕೊಡುತ್ತಿದ್ದ.
ಲೆಕ್ಕ ಬರುತ್ತಿತ್ತು, ಅಷ್ಟೆ.
ಒಂದೇ ಕಡೆಯಿಂದ ಎಳೆದರೆ ದಡಕ್ಕೆ ಬರುವುದು
ಬಲೆ. ಮೀನಲ್ಲ."

ಬೆಳಗ್ಗೆ ಹುಡುಗನಿಗೆ ಗಂಜಿ ಬಡಿಸಿದಳು, ಒಣಮೀನಿನ ಚಟ್ನಿ.
ನಗಲಿಲ್ಲ. ಅವನ ಕಣ್ಣಲ್ಲಿ ಖಾರಕ್ಕೆ ನೀರು ಬಂದಾಗಲೂ
ನೀರಿನ ಚೊಂಬು ನಿಧಾನಕ್ಕೇ ದೂಡಿದಳು.
ಆಮೇಲೆ ಅಪ್ಪನಿಗೆ: "ಅವನಿಗೆ ಹೇಳು,
ಇಂಜಿನಿನ ಮೇಲೆ ನಿನ್ನ ಅಪ್ಪನ ಹೆಸರು ಬರೆಯಲಿ.
ಅವನ ಅಕ್ಷರದಲ್ಲೇ. ಅವರಿಗೆ ಓದಲಿಕ್ಕೆ ಆಗಬೇಕು."

ಪೊ-ಡಿ-ಯ. ಅಪ್ಪ ಮೂರು ಸಲ ಬಿಡಿಸಿ ಹೇಳಿದ.
ಹುಡುಗ ಬಿಳಿ ಬಣ್ಣದಲ್ಲಿ ತುಸು ಹೊತ್ತು ಬರೆದ,
ತಲೆ ಬಗ್ಗಿಸಿ ಸ್ವಲ್ಪ ಹೊತ್ತು ಹಾಗೇ ನಿಂತ,
ಹ್ಯಾಂಡಲು ತಿರುಗಿಸಿದ.
ಕೆಮ್ಮಿತು, ಕೆಮ್ಮಿತು, ಹಿಡಿಯಿತು.

ಕಂತು ತೀರಿದ ಮೇಲೂ ಅಜ್ಜಿಗೆ ಅದು "ಅವರದ್ದು".
ಅದು ತಂದ ಬಂಗುಡೆ ಮಾತ್ರ ನಮ್ಮದು.
ಈಗ ಆ ಇಂಜಿನು ನನ್ನ ಶೆಡ್ಡಿನ ಮೂಲೆಯಲ್ಲಿ, ತುಕ್ಕು.
ಬಣ್ಣ ಅರ್ಧ ಉಳಿದಿದೆ.
ಅವನು ಬರೆದದ್ದು ಅಜ್ಜನ ಹೆಸರೇ ಹೌದೋ
ನಾವು ಯಾರೂ ಯಾರಿಗೂ ತೋರಿಸಿಲ್ಲ.