ಹದಿನೇಳರ ಸಾಕೆಟ್ಟು

ಐದರಲ್ಲಿ ನಾಲ್ಕು ನಟ್ಟು ಹೇಳಿದ ಮಾತು ಕೇಳಿದವು.
ಐದನೆಯದು ದುಂಡಗೆ, ನುಣ್ಣಗೆ,
ತಲೆಯ ಮೇಲೆ ಹೂವಿನ ಹಾಗೆ ಏನೋ ಕೊರೆಸಿಕೊಂಡು
ಸ್ಪ್ಯಾನರಿಗೆ ಹಿಡಿ ಕೊಡದೆ ಕೂತಿತ್ತು.
"ಇದಕ್ಕೊಂದು ಕೀಲಿ ಇರ್ತದೆ ಮೇಡಮ್,
ಜಾಯಿಕಾಯಿಯಷ್ಟು ದೊಡ್ಡದು, ಎಲ್ಲುಂಟು?" ಎಂದರು ಇದ್ದಿನಬ್ಬ.
ಕೂಳೂರು ಸೇತುವೆಯ ಈಚೆ,
ಗ್ಯಾಸಿನ ಟ್ಯಾಂಕರುಗಳು ಒಂದರ ಬಾಲ ಒಂದು ಹಿಡಿದು ಹೋಗುವಲ್ಲಿ
ಗ್ಯಾರೇಜಿನ ತಗಡು ಒಂದೊಂದಕ್ಕೂ ನಡುಗುತ್ತಿತ್ತು.

ಕಾರು ನನ್ನದಾಗಿ ಏಳು ತಿಂಗಳು.
ಅದಕ್ಕೂ ಮೊದಲು ಬಿಜೈಯ ಸಿಪ್ರಿಯನ್ ಸೆರಾವೊ ಅವರದು.
ಯಾರದೋ ಕಾರು ಬೆಳಗಾಗುವಾಗ ಚಕ್ರವಿಲ್ಲದೆ
ಕೆಂಪು ಕಲ್ಲಿನ ಮೇಲೆ ಕೂತದ್ದನ್ನು ನೋಡಿ ಬಂದು
ನಾಲ್ಕೂ ಚಕ್ರಕ್ಕೆ ಒಂದೊಂದು ಬೀಗದ ನಟ್ಟು ಹಾಕಿಸಿದವರು.
ಅವರ ಹೆಂಡತಿಗೆ ಫೋನು ಮಾಡಿದೆ.
"ಕೀಲಿಯಾ? ಅವರು ಇಡುವುದು ಭಾರೀ ಜಾಗ್ರತೆಯಲ್ಲಿ,"
ಎಂದರು ಸೆವ್ರಿನ್ ಬಾಯಿ,
"ಎಷ್ಟು ಜಾಗ್ರತೆ ಅಂದರೆ ಅವರಿಗೇ ಸಿಗ್ತಿರಲಿಲ್ಲ.
ಲಾಕರಿನದ್ದನ್ನೇ ನಾನಿನ್ನೂ ಹುಡುಕ್ತಾ ಇದ್ದೇನೆ."
ಆಮೇಲೆ ಡ್ರಾಯರು ಎಳೆಯುವ ಸದ್ದು. ಮಾತಿಲ್ಲ.
"ಇಲ್ಲಿ ಅವರ ಮೂರು ಕನ್ನಡಕ ಉಂಟು. ಬೇಕಾ?"

ಮೊದಲು ಎಣ್ಣೆ ಬಿಟ್ಟರು. ಚಾ ಕುಡಿದರು.
ಕಡಲ ಉಪ್ಪನ್ನು ಎಷ್ಟು ವರ್ಷ ಕುಡಿದಿತ್ತೋ ಆ ನಟ್ಟು,
ಎಣ್ಣೆ ತನಗೆ ಬೇಡವೆಂದಿತು.
ಬೆಂಕಿ ಬೇಡ, ಟಯರಿಗೆ ಹತ್ತಿರ, ಎಂದು ತಮಗೆ ತಾವೇ ಹೇಳಿಕೊಂಡು
ಹಳೆಯ ಸಾಕೆಟ್ಟುಗಳ ಡಬ್ಬಿಯನ್ನು ನೆಲಕ್ಕೆ ಸುರಿದರು.
ಹದಿನೆಂಟು ಸಡಿಲ. ಹದಿನಾರು ಏರುವುದಿಲ್ಲ.
ಹದಿನೇಳು ತುಸು ಸಣ್ಣದು. ತುಸು ಸಣ್ಣದೇ ಬೇಕು.
ಸುತ್ತಿಗೆಯಲ್ಲಿ ಬಡಿದು ಕೂರಿಸಿ
"ಇದು ಇನ್ನು ಬೇರೆ ಕೆಲಸಕ್ಕಾಗುವುದಿಲ್ಲ,
ಇನ್ನೂರ ನಲವತ್ತು, ನಿಮ್ಮ ಲೆಕ್ಕಕ್ಕೆ."

ಕಬ್ಬಿಣದ ಸರಳು, ಸರಳಿಗೆ ತೂರಿಸಿದ ಬೋರ್‌ವೆಲ್ಲಿನ ಪೈಪು,
ಪೈಪಿನ ತುದಿಗೆ ಹುಡುಗ ಸುಕೇಶ.
"ಮೊದಲು ಬಲಕ್ಕೆ."
ಬಲಕ್ಕಾ? ಅದು ಬಿಗಿಯುವ ದಿಕ್ಕಲ್ಲವಾ?
"ಒಂದು ಕೂದಲಿನಷ್ಟು ಬಿಗಿಯಲಿ. ತುಕ್ಕಿಗೆ ಗೊತ್ತಾಗಬಾರದು
ನಾವು ಯಾವ ಕಡೆಗೆ ಹೊರಟದ್ದೆಂದು."

ಮತ್ತೆ ಎಡಕ್ಕೆ. ಪೈಪು ಬಾಗಿತು. ಸುಕೇಶನ ಚಪ್ಪಲಿ ಜಾರಿತು.
ಕದಿನ ಸಿಡಿದ ಹಾಗೆ ಒಂದು ಸದ್ದು,
ಮುರಿದೇ ಹೋಯಿತೆಂದು ನಾನು ಕಣ್ಣು ಮುಚ್ಚಿದೆ.
"ಮುರಿದರೂ ಬಿಟ್ಟರೂ ಸದ್ದು ಒಂದೇ ಮೇಡಮ್,
ನೋಡಿದರೇ ಗೊತ್ತಾಗುವುದು."
ಬಿಟ್ಟಿತ್ತು.

ಬಿಟ್ಟದ್ದು ಚಕ್ರವನ್ನು. ಸಾಕೆಟ್ಟನ್ನಲ್ಲ.
ಅದರೊಳಗೆ ಹೊಕ್ಕು ಕೂತದ್ದನ್ನು
ಹಿಂದಿನಿಂದ ಉಳಿಯಿಟ್ಟು ಹೊಡೆದು ಹೊಡೆದು
ಹೊರಗೆ ಹಾಕಲು ಕಾಲು ಗಂಟೆ.
ಪಂಕ್ಚರಾದದ್ದು ಒಂದೇ, ಇವತ್ತಿಗೆ ಇಷ್ಟು ಸಾಕಲ್ಲ, ಎಂದೆ.
ಇದ್ದಿನಬ್ಬರು ಉತ್ತರ ಕೊಡದೆ
ಮುಂದಿನ ಚಕ್ರದ ಎದುರು ಕುಕ್ಕರಿಸಿದರು.
ನಾಲ್ಕನೆಯದಕ್ಕೆ ಸಾಕೆಟ್ಟು ಸೀಳಿತು,
ನಟ್ಟನ್ನು ಬಿಡಿಸಿಯೇ ಸೀಳಿತು.

ಸಂಜೆ ನಾಲ್ಕು ಹೊಸ ನಟ್ಟು,
ಯಾರ ಸ್ಪ್ಯಾನರಿಗೂ ತಲೆ ಕೊಡುವಂಥದ್ದು.
ಮನೆಯೆದುರು ರಸ್ತೆಯಲ್ಲಿ ಕಾರು ನಿಲ್ಲಿಸಿ
ಮಲಗುವ ಮುಂಚೆ ಎರಡು ಸಲ ಕಿಟಕಿಯಿಂದ ನೋಡಿದೆ.
ಸಿಪ್ರಿಯನ್ ಹೀಗೇ ನೋಡಿದ್ದಿರಬೇಕು,
ಬಹುಶಃ ಮೂರು ಸಲ, ಬಹುಶಃ ಬೇರೆ ಬೇರೆ ಕನ್ನಡಕದಲ್ಲಿ.

ಜಜ್ಜಿದ ಒಂದು ನಟ್ಟು ನನ್ನ ಪರ್ಸಿನಲ್ಲಿ ಉಂಟು.
ಆದಿತ್ಯವಾರ ಬಿಜೈಗೆ ಹೋಗಿ ಕೊಡಬೇಕು.
ಕೊಟ್ಟರೆ ಎಂತ ಮಾಡಿಯಾರು ಆ ಬಾಯಿ,
ಜಾಗ್ರತೆಯಲ್ಲಿ ಎಲ್ಲಾದರೂ ಇಟ್ಟಾರು.