ಶಾರ್ಟೇಜು ಒಂದು ಚೀಲ

ನನ್ನ ಹೆಸರಿನಲ್ಲಿ ಒಂದು ಗಾಲಿಯೂ ಇಲ್ಲ.
ಬಾಳೆಗುಳಿ ಕ್ರಾಸಿನಲ್ಲಿ ಒಂದು ಶಟರು, ಎರಡು ಫೋನು,
ಬಿಲ್ಟಿ ಬುಕ್ಕು, ಕಾರ್ಬನ್ನಿನ ನೀಲಿ ಹತ್ತಿದ ಬೆರಳು.
ಮಾಲು ಇದ್ದವನಿಗೆ ಗಾಡಿ, ಗಾಡಿ ಇದ್ದವನಿಗೆ ಮಾಲು,
ನಡುವಿನ ಮಾತು ನನ್ನದು. ಮಾತಿಗೆ ನೂರಕ್ಕೆ ಐದು.

ಬಿಸಿಲಿದ್ದ ದಿನ ಮಾತು ಸಾಕಾಗುತ್ತದೆ.
ಆಷಾಢದಲ್ಲಿ ಸಾಲದು.

ಸೋಮವಾರ ಮಧ್ಯಾಹ್ನ ಅರಬೈಲಿನ ತಿರುವಿನಲ್ಲಿ
ಗುಡ್ಡ ಇಳಿದು ಬಂದು ರಸ್ತೆಯ ಮೇಲೆ ಕೂತಿತು,
ವಸೂಲಿಗೆ ಬಂದವನ ಹಾಗೆ, ಏಳುವ ಅಂದಾಜಿಲ್ಲದೆ.
ಮೇಲೆ ಸಿಕ್ಕಿಬಿದ್ದ ಮೂವತ್ತರಲ್ಲಿ ನಾನು ಗೊತ್ತು ಮಾಡಿದ್ದು ಒಂದು:
ಹುಬ್ಬಳ್ಳಿಯಿಂದ ಮಂಗಳೂರಿಗೆ ಹದಿನಾರು ಟನ್,
ಡ್ರೈವರು ಕುಂದಗೋಳದ ಬುಡನ್‌ಸಾಬ.
ಘಟ್ಟದ ಮೇಲೆ ಅದು ಉಳ್ಳಾಗಡ್ಡಿ, ಇಳಿದ ಮೇಲೆ ನೀರುಳ್ಳಿ.
ಈ ಸಲ ನೀರು ದಾರಿಯಲ್ಲೇ ಸೇರಿಕೊಂಡಿತು.

"ಎಂತ ಪಡ್ತಿಯವರೇ, ಗಾಡಿ ಉಂಟಾ ಇಲ್ವಾ?"
"ಘಟ್ಟ ಇಳಿದಾಯ್ತು," ಅಂದಿತು ಬಾಯಿ, ತಾನಾಗಿ.
ಇಪ್ಪತ್ತಾರು ವರ್ಷದ ರೂಢಿ.
"ಇಳಿದದ್ದಾ? ಚುಕ್ಕಿ ಅಲ್ಲೇ ಉಂಟಲ್ಲ!"

ಈಗ ಗಾಡಿಗೊಂದು ಡಬ್ಬಿ ಕಟ್ಟುತ್ತಾರೆ.
ಎಲ್ಲರ ಫೋನಿನಲ್ಲೂ ಕೆಂಪು ಚುಕ್ಕಿಯಾಗಿ ಅದು ಸತ್ಯ ಹೇಳುತ್ತದೆ.
ಮೊದಲು ಹೀಗಿರಲಿಲ್ಲ. ಮೊದಲು ಮಳೆಯೂ ನಾನೂ
ಹೊಂದಿಕೊಂಡು ಸುಳ್ಳು ಹೇಳುತ್ತಿದ್ದೆವು.

ಗಾಡಿ ಮಾಲೀಕ: ಹಾಲ್ಟಿಂಗ್ ದಿನಕ್ಕೆ ಎರಡು ಸಾವಿರ, ಯಾರು ಕೊಡ್ತೀರಿ?
ಪಾರ್ಟಿ: ಮೊಳಕೆ ಬಂದರೆ ಬಾಡಿಗೆಯಲ್ಲಿ ಮುರಿಯುವುದೇ.
ಇಬ್ಬರಿಗೂ "ಅಡ್ಡಿಲ್ಲ" ಅಂದೆ.
ರಸ್ತೆಗೆ ಗುಡ್ಡವೇ ಅಡ್ಡ ಕೂತರೂ
ನಮ್ಮ ಕಡೆ ಬಾಯಿಗೆ ಬರುವುದು ಅದೊಂದೇ.

ಮಂಗಳವಾರ ಬುಡನ್‌ಸಾಬ ಒಮ್ಮೆ ಸಿಕ್ಕ:
"ಇದು ಮಳಿ ಅಲ್ರಿ,
ಯಾರೋ ಮ್ಯಾಲಿಂದ ಅನ್‌ಲೋಡ್ ಮಾಡಾಕತ್ತಾರ.
ತಾಡಪತ್ರಿ ಒಂದು ಕಡೆ ಹರದು..."
ಅಷ್ಟರಲ್ಲಿ ಅವನೂ ಹರಿದುಹೋದ.

ರಾತ್ರಿ ಎರಡೂ ಹತ್ತಕ್ಕೆ ಎಚ್ಚರಾಗಿ ಫೋನು ನೋಡಿದೆ.
ಚುಕ್ಕಿ ಸರಿದಿತ್ತು.
ಮುಂದಕ್ಕಲ್ಲ, ಹಿಂದಕ್ಕಲ್ಲ.
ಬದಿಗೆ.
ರಸ್ತೆಯ ಹಳದಿ ಗೆರೆ ಬಿಟ್ಟು ಹಸಿರಿನೊಳಗೆ.
ಬೆರಳಗಲಿಸಿ ದೊಡ್ಡದು ಮಾಡಿದೆ. ಹಸಿರು ದೊಡ್ಡದಾಯಿತು, ಅಷ್ಟೇ.
ಅದು ಎಷ್ಟು ಆಳ ಎಂದು ನಕ್ಷೆ ಹೇಳುವುದಿಲ್ಲ.

ಫೋನು ಹಚ್ಚಿದೆ. ಸಂಪರ್ಕಕ್ಕೆ ಸಿಗುತ್ತಿಲ್ಲ ಎನ್ನುವ ಹುಡುಗಿ.
ಅವಳ ದನಿಯಲ್ಲಿ ಮಾತ್ರ ಎಂದೂ ಮಳೆಯಿಲ್ಲ.
ಅವನ ಮನೆಯ ನಂಬರು ನನ್ನಲ್ಲಿಲ್ಲ ಎಂದು ಆಗ ತಿಳಿಯಿತು.
ಒಂಬತ್ತು ವರ್ಷ. ಗಾಡಿಯ ನಂಬರು ಬಾಯಿಪಾಠ,
ಯಾವ ಟೈರು ರಿಸೋಲ್ ಮಾಡಿದ್ದು ಅಂತಲೂ ಗೊತ್ತು,
ಹೆಂಡತಿಯ ಹೆಸರು ಕೇಳಿರಲಿಲ್ಲ.

ಆಗಲೇ ಮಂಗಳೂರಿನಿಂದ ಮೆಸೇಜು. ಅವರಿಗೂ ನಿದ್ದೆಯಿಲ್ಲ:
"ಚುಕ್ಕಿ ಹೊರಟಿತಲ್ಲ! ಒಳ್ಳೇದಾಯ್ತು."

ಬೆಳಿಗ್ಗೆ ಏಳಕ್ಕೆ, ಯಾರದೋ ಫೋನಿನಿಂದ:
"ಜೆಸಿಬಿ ತಿರಗಾಕ ಜಾಗ ಬೇಕಂತ
ನಮ್ಮನ್ನೆಲ್ಲಾ ಫಾರೆಸ್ಟ್ ಡಿಪೋದೊಳಗ ಹಾಕ್ಸಿದ್ರಿ.
ಮತ್ತ... ಒಂದು ಚೀಲ ಬಿಚ್ಚೀನ್ರಿ.
ಎರಡು ದಿನಾ ಉಪಾಸ ಮಂದಿ. ಒಂದು ಗಾಡ್ಯಾಗ ಅಕ್ಕಿ ಇತ್ತು,
ಒಂದರಾಗ ಎಣ್ಣಿ. ಖಾರಪುಡಿ ಗಾಡಿ ಮಾತ್ರ
ಘಟ್ಟದ ಕೆಳಗ ನಿಂತೈತಂತ."

ಬೈಯಬೇಕೆಂದಿದ್ದೆ. ಮನೆಯ ನಂಬರು ಕೊಡು ಅಂದೆ.
"ಯಾಕ್ರಿ?" ಅಂದ, ಹೆದರಿ.
"ಇರಲಿ."

ಐದನೆಯ ದಿನ ಮಂಗಳೂರಿನ ಕಾಟಾದಲ್ಲಿ ಐವತ್ತು ಕಿಲೋ ಕಮ್ಮಿ,
ಉಳಿದದ್ದರಲ್ಲಿ ಕಾಲುಪಾಲಿಗೆ ಹಸಿರು ನಾಲಗೆ.
ಶಾರ್ಟೇಜಿನ ಎದುರು ಕಾರಣ ಬರೆಯುವ ಮನೆ ಬಹಳ ಸಣ್ಣದು.
ಇಷ್ಟು ವರ್ಷ ಅಲ್ಲಿ "ಮಳೆ" ಎಂದೇ ಬರೆದವನು
"ಊಟ" ಎಂದು ಬರೆದೆ.
ತೇವಕ್ಕೋ ಏನೋ, ಕಾರ್ಬನ್ ಕೆಳಗಿನ ಹಾಳೆಗೆ ಇಳಿಯಲಿಲ್ಲ.
ಒತ್ತಿ ಇನ್ನೊಮ್ಮೆ ಬರೆದೆ.

ಪಾರ್ಟಿ ಒಪ್ಪಲಿಲ್ಲ.
ನನ್ನ ನೂರಕ್ಕೆ ಐದರಲ್ಲಿ ಮುರಿದುಕೊಂಡರು.