ಎಡಗಡೆ ಜೇಬು

ಕೌಲ್ ಬಜಾರಿನ ಸಂದಿ, ತಗಡಿನ ಕೆಳಗೆ ಹದಿನಾಲ್ಕು ಮಷೀನು.
ನನ್ನದು ಬಾಗಿಲ ಪಕ್ಕದ್ದು.
ಇಡೀ ಪ್ಯಾಂಟು ಹೊಲಿದವನಲ್ಲ ನಾನು ಯಾವತ್ತೂ,
ಹಿಂದಿನ ಎಡಗಡೆ ಜೇಬು ಮಾತ್ರ.
ಬಲಗಡೆಯದು ಎರ್ರಿಸ್ವಾಮಿದು. ಜಿಪ್ಪು ಮಾಬುಸಾಬಂದು.
ದಾರ ಕತ್ತರಿಸುವ ಜಂಬಕ್ಕನಿಗೆ
ಎಲ್ಲರ ತಪ್ಪೂ ಗೊತ್ತು.

ಒಂದು ಮಧ್ಯಾಹ್ನ ಕರೆಂಟು ಹೋಗಿ
ಹೊಸ್ತಿಲ ಮೇಲೆ ಬೀಡಿ ಹಚ್ಚಿ ಕೂತಿದ್ದೆವು.
ಬಂದ ಒಬ್ಬ ಬಿಳಿಯ, ಅಂಗಿ ಹೊರಗೆ ಬಿಟ್ಟು,
ಎರಡೂ ಕೈ ಮುಂದೆ ಹಿಡಿದು.
ಮಾತೇ ಬೇಕಿರಲಿಲ್ಲ. ಜಿಪ್ಪು ಕಿತ್ತುಹೋಗಿತ್ತು.
ಹಂಪಿ ನೋಡಿ ಬಂದವನಂತೆ,
ಗುಂತಕಲ್ ರೈಲಿಗೆ ಇನ್ನೂ ಮೂರು ತಾಸು.
ಜಂಬಕ್ಕ ಆಚೆ ತಿರುಗಿ ನಕ್ಕಳು.
ಮಾಬುಸಾಬ ಉಡಲು ತನ್ನ ಲುಂಗಿ ಕೊಟ್ಟ,
ಮೂಲೆಯ ಹಳೇ ಕಾಲ್ಮಷೀನು ತುಳಿದು ಹೊಸ ಜಿಪ್ಪು ಕೂರಿಸಿದ.
ದುಡ್ಡು ಬ್ಯಾಡ ಅಂದ್ರೂ ಕೇಳಲಿಲ್ಲ ಆಸಾಮಿ,
ಚೀಲ ತಡಕಿ ಕ್ಯಾಸೆಟ್ಟೊಂದು ತೆಗೆದ,
ಚಿತ್ರದ ನಾಲ್ವರಲ್ಲಿ ಕೊನೆಯವನ ಮೇಲೆ ಬೆರಳಿಟ್ಟು
ತನ್ನ ಎದೆ ತಟ್ಟಿಕೊಂಡ.
ಅಣ್ಣ, ಅಂತ ನಾವು ತಿಳಿದೆವು.

ಟೇಪ್ ರೆಕಾರ್ಡರ್ ಇದ್ದದ್ದು ನನ್ನ ಮನೇಲಿ.
ಮೊದಲ ಸಲ ಹಾಕಿದಾಗ ಹೆಂಡತಿ ಒಲೆ ಬಿಟ್ಟು ಓಡಿಬಂದಳು,
ಅಟ್ಟದ ಪಾತ್ರೆ ಬಿದ್ದವು ಅಂತ.

ನನಗೆ ಇಂಗ್ಲಿಷ್ ಬಾರದು.
ಪ್ಯಾಂಟು ಬರುತ್ತೆ.
ಒಳಗೆ ಮಡಚಿಟ್ಟ ಕಾಗದ ಬಿಚ್ಚಿದರೆ ಅಂಗೈಯಗಲ ಚಿತ್ರ.
ಬಲ್ಬಿನ ಕೆಳಗೆ ಹಿಡಿದು ಓದಿದೆ.
ಹಾಡುವವನ ಮೊಣಕಾಲೆರಡೂ ಬೆಳ್ಳಗೆ.
ಆ ಬಿಳುಪಿಗೆ ನಮ್ಮಲ್ಲಿ ಉಪ್ಪುಕಾಗದ ಹಿಡಿದು ಉಜ್ಜುವ ಹುಡುಗರಿದ್ದಾರೆ,
ಪೀಸಿಗೆ ಇಷ್ಟು ಅಂತ.
ಇವನದು ಹಾಗಲ್ಲ. ನೆಲಕ್ಕೆ ಊರಿ ಊರಿ ಬಂದದ್ದು,
ಪೈಪು ಜೋಡಿಸುವವನೋ, ಹಾಸುಗಲ್ಲು ಕೂರಿಸುವವನೋ.
ಉದ್ದ ಕೂದಲಿನವನ ಪ್ಯಾಂಟು ಅವನದಲ್ಲ,
ಸೊಂಟದಲ್ಲಿ ಎರಡು ಹಿಡಿ ಸಡಿಲ. ಅಪ್ಪನದಿರಬೇಕು.
ಮೂರನೆಯವನ ಅಂಚನ್ನು ಯಾರೋ ಕೈಯಲ್ಲೇ ಹೊಲಿದಿದ್ದಾರೆ,
ಕಣ್ಣು ಮಂಜಾದ ಯಾರೋ. ದಾರ ದಾರಿ ತಪ್ಪಿದೆ.
ಕೊನೆಯವನು, ಡ್ರಮ್ಮಿನವನು, ಅರ್ಧ ತಿರುಗಿ ನಿಂತಿದ್ದ.
ಹಿಂದಿನ ಎಡಗಡೆ ಜೇಬು
ಹರಿದು ಜೋತಿತ್ತು.
ಅದರಲ್ಲಿ ಎರಡು ಕೋಲು.

ಭಾನುವಾರ ಟೇಪು ಹೊತ್ತು ಕಂಟೋನ್ಮೆಂಟಿಗೆ ಹೋದೆ,
ಡೊರತಿ ಟೀಚರ್ ಮನೆಗೆ.
ಕಿವಿ ಹತ್ತಿರ ಹಿಡಿದು ಕೇಳಿದರು:
‘ಇವರ ಇಂಗ್ಲಿಷು ನನಗೂ ಅರ್ಧ ಸಿಗಲ್ಲ ಹುಸೇನಪ್ಪ,
ಕಾರ್ಖಾನೆ ಕಡೆ ಮಾತು, ನಿನ್ನ ಕನ್ನಡದ ಹಾಗೆ.
ಮೊದಲನೇದು, ಬೆಳಗಿನ ಐದರ ಬಸ್ಸು ತಪ್ಪಿದ್ದು.
ಎರಡನೇದು ಮನೆ ಬಾಡಿಗೆ.’
‘ಅಷ್ಟೊಂದು ಕಿರಿಚಿದ್ದು ಬಾಡಿಗೆಗಾ?’
‘ಬಾಡಿಗೆಗೇ.’
ಅದನ್ನೇ ನಾನು ಪ್ರೀತಿಯ ಹಾಡು ಅಂತ
ವಾರವೆಲ್ಲ ಹೆಂಡತಿ ಮುಂದೆ ಗುನುಗಿದ್ದೆ.
‘ಮೂರನೇದು...’
ಟೀಚರ್ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿದರು.
‘ಒಬ್ಬಳ ಹೆಸರು. ಅಷ್ಟೇ. ಬೇರೇನೂ ಇಲ್ಲ.’
ಚಹಾ ಆರಿಹೋಯಿತು. ಅವರು ಇನ್ನೊಂದು ಸಲ ಹಾಕು ಅಂದರು.

ಮಾರನೇ ದಿನದಿಂದ ಎಡಗಡೆ ಜೇಬಿನ ಮೂಲೆಗೆ
ಎರಡು ಅಡ್ಡ ಹೊಲಿಗೆ ಜಾಸ್ತಿ ಹಾಕತೊಡಗಿದೆ.
ದಾರ ದಂಡ ಅಂತ ಸೇಠ್ ಬೈದ, ಒಂದು ವಾರದ ಬಟವಾಡೆಯಲ್ಲಿ ಹಿಡಿದ.
ಎರ್ರಿಸ್ವಾಮಿ ಕೇಳಿದ, ‘ಬಲಕ್ಕೂ ಹಾಕ್ಲೇನೋ?’
‘ಬ್ಯಾಡ. ಅವನು ಎಡಚ.’
‘ಯಾರು?’
ಹೇಳಲಿಲ್ಲ. ಹೇಗೆ ಹೇಳಲಿ,
ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ,
ಜೇಬು ಗೊತ್ತು.

ಟೇಪು ಸುರುಳಿ ಸಿಕ್ಕಿಕೊಂಡು ಸತ್ತು ಎಷ್ಟೋ ವರ್ಷ.
ಮೂರಕ್ಕೂ ನಾಕಕ್ಕೂ ನಡುವೆ ಅವರಲ್ಲೊಬ್ಬ ಕೆಮ್ಮುತ್ತಿದ್ದ,
ನಮ್ಮ ವಾಷಿಂಗ್ ಯೂನಿಟ್ಟಿನ ಹನುಮೇಶಿ ಕೆಮ್ಮುವ ಹಾಗೆಯೇ,
ಒಳಗಿಂದ ಎರಡು, ಆಮೇಲೆ ತಡೆದು ಒಂದು.
ಅದನ್ನು ಟೀಚರಿಗೆ ಕೇಳಬೇಕಾಗಿರಲಿಲ್ಲ.
ಆಮೇಲೆ ಕೋಲಿಗೆ ಕೋಲು ತಾಗುವ ಸದ್ದು.

ಈಗಲೂ ಕರೆಂಟು ಹೋಗಿ ಬಂದಾಗ
ಹದಿನಾಲ್ಕು ಮಷೀನೂ ಒಮ್ಮೆಲೇ ಎದ್ದೇಳುವ ಮೊದಲು
ಕಾಲು ಪೆಡಲಿನ ಮೇಲಿಟ್ಟು ಬಾಯೊಳಗೇ ಎಣಿಸುತ್ತೇನೆ,
ಒಂದು, ಎರಡು, ಮೂರು.